ಯಾವ ಕೈಯ ನಾಲ್ಕು

ಚೈತ್ರದ ಎರಡನೆಯ ರವಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಸಾಲಿನವರೆಲ್ಲ ತಲೆಗೊಂದು ತಾಸು ಸರ್ಕಾರಕ್ಕೆ ಒಪ್ಪಿಸಬೇಕು. ಹನ್ನೆರಡು ಹೊಡೆದದ್ದೇ ತಡ, ಮುಳ್ಳು ಹೋಗಿ ಒಂದರ ಮೇಲೆ ಕೂರುತ್ತದೆ. ಆಗಷ್ಟೇ ಒಲೆಯ ಮೇಲಿಟ್ಟ ಅನ್ನ ಸೀದು ಕರಕಲಾಗಿರುತ್ತದೆ. ಆಗಷ್ಟೇ ಹಾಲು ಕುಡಿದು ಮಲಗಿದ ಕೂಸು ಹಸಿವೆಯಿಂದ ಅಳುತ್ತಿರುತ್ತದೆ. ಹೊಸದಾಗಿ ಬಂದ ಸೊಸೆಯಂದಿರು ಮೊದಲನೆಯ ವರ್ಷ ಪಾತ್ರೆ ಸುಟ್ಟುಕೊಂಡು ಅತ್ತೆಯ ಹತ್ತಿರ ಬೈಸಿಕೊಳ್ಳುತ್ತಾರೆ, ಎರಡನೆಯ ವರ್ಷದಿಂದ ಅಂದು ಹನ್ನೆರಡರೊಳಗೆ ಒಲೆ ಆರಿಸುವುದನ್ನು ಕಲಿಯುತ್ತಾರೆ. ಕಾರ್ತಿಕದ ಮೊದಲ ರವಿವಾರ ನಮ್ಮ ತಾಸು ನಮಗೆ ವಾಪಸ್ಸು. ಅಂದು ಒಂದು ಹೊಡೆದ ಮೇಲೆ ಮುಳ್ಳು ಹಿಂದಕ್ಕೆ ಹನ್ನೆರಡಕ್ಕೆ ಬರುತ್ತದೆ. ನಡುವಿನ ಏಳು ತಿಂಗಳು ಅದು ಸರ್ಕಾರದ ಹತ್ತಿರ ಇರುತ್ತದೆ.

ಯಾಕೆ ಅಂದರೆ ಬಿಸಿಲು ಉಳಿಸಲಿಕ್ಕೆ ಎನ್ನುತ್ತಾರೆ. ನಾನು ಈ ಊರಿಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಉಳಿಸಿದ ಬಿಸಿಲನ್ನು ಕಣ್ಣಿಂದ ಕಂಡವರು ಒಬ್ಬರೂ ಸಿಕ್ಕಿಲ್ಲ. ನನ್ನ ಹಪ್ಪಳ ಒಣಗಲು ಮೊದಲು ಎರಡು ದಿನ ಬೇಕಿತ್ತು, ಈಗಲೂ ಎರಡೇ ದಿನ ಬೇಕು. ಉಳಿಸಿದ್ದನ್ನು ಎಲ್ಲಿಟ್ಟಿದ್ದಾರೋ, ಯಾರು ಅದರಲ್ಲಿ ಮೈ ಕಾಯಿಸಿಕೊಳ್ಳುತ್ತಿದ್ದಾರೋ ಅವರನ್ನೇ ಕೇಳಬೇಕು.

ಇದೆಲ್ಲ ಮೂಡಲಸಾಲಿನವರಾದ ನಮಗೆ ಮಾತ್ರ. ಬೀದಿಯ ಆಚೆ, ಹದಿನೆಂಟು ಹೆಜ್ಜೆ ದಾಟಿದರೆ, ಪಡುವಲಸಾಲು. ಅವರು ತಾಸು ಕೊಡುವವರೂ ಅಲ್ಲ, ಪಡೆಯುವವರೂ ಅಲ್ಲ. ಹೀಗಾಗಿ ಚೈತ್ರದಿಂದ ಕಾರ್ತಿಕದವರೆಗೆ ನಮಗೆ ನಾಲ್ಕಾದಾಗ ಅವರಿಗೆ ಮೂರು. ಬೀದಿ ದಾಟಿ ಆಚೆ ಹೋದರೆ ಒಂದು ತಾಸು ಸಿಗುತ್ತದೆ, ತಿರುಗಿ ಬಂದರೆ ಅದು ಹೋಗುತ್ತದೆ. ಬದುಕಿರುವವರು ಮನೆಗೆ ತಿರುಗಿ ಬರಲೇಬೇಕಾದ್ದರಿಂದ ಯಾರಿಗೂ ಲಾಭವಿಲ್ಲ, ಲುಕ್ಸಾನಿಲ್ಲ. ಆದರೂ ಸರ್ಕಾರ ಬಿಟ್ಟಿಲ್ಲ, ವೇಳೆ ಕಚೇರಿಯ ಗೋಡೆಯ ಮೇಲೆ ಬೋರ್ಡು ಹಾಕಿಸಿದೆ. 'ಕೆಲಸದ ನಿಮಿತ್ತ ಬೀದಿ ದಾಟಬಹುದು. ಸಮಯಲಾಭಕ್ಕಾಗಿ ದಾಟತಕ್ಕದ್ದಲ್ಲ.'

ನನ್ನದು ಖಾನಾವಳಿ, ಮೂಡಲಸಾಲಿನಲ್ಲಿದೆ. ನಮ್ಮ ಕಡೆಯವರು ಒಂದಕ್ಕೆ ಊಟಕ್ಕೆ ಬರುತ್ತಾರೆ, ಅವರು ಎದ್ದು ಹೋದ ಮೇಲೆ ಆ ಕಡೆಯವರು ತಮ್ಮ ಒಂದಕ್ಕೆ ಬರುತ್ತಾರೆ. ಏಳು ತಿಂಗಳು ನನ್ನ ಹೆಂಚು ಆರುವುದೇ ಇಲ್ಲ. ಎರಡು ಸಲ ರೊಟ್ಟಿ ಬಡಿ, ಎರಡು ಸಲ ಪಲ್ಯ ಬಿಸಿ ಮಾಡು. ತಾಸು ಕೊಟ್ಟವಳೂ ನಾನೇ, ತಾಸು ಹೆಚ್ಚಿಗೆ ದುಡಿಯುವವಳೂ ನಾನೇ. ಇದನ್ನು ಉಳಿತಾಯ ಎಂದು ಕರೆದವನ ಮನೆಯಲ್ಲಿ ಒಲೆಯ ಮುಂದೆ ಕೂರುವವರು ಬೇರೆ ಯಾರೋ ಇರಬೇಕು.

ನನ್ನ ಗಂಡ ಅಡಿವೆಪ್ಪ ಬಸ್ ಕಂಡಕ್ಟರ್. ಎರಡೂ ಕೈಗೆ ಗಡಿಯಾರ ಕಟ್ಟುತ್ತಿದ್ದರು. ಎಡಗೈಯದು ನಮ್ಮ ವೇಳೆ, ಬಲಗೈಯದು ಪಡುವಲ ವೇಳೆ. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ, "ಎಡಗೈ ಐದು, ಬಲಗೈ ನಾಲ್ಕು" ಎನ್ನುತ್ತಿದ್ದರು. ಅವರ ಈ ಮಾತು ಊರಿನ ಮಾತೇ ಆಗಿಹೋಗಿತ್ತು. ಲಗ್ನಪತ್ರಿಕೆ ಕೊಡಲು ಬಂದವರನ್ನೂ ಜನ ಮೊದಲು ಕೇಳುತ್ತಿದ್ದದ್ದು, ಮುಹೂರ್ತ ಯಾವ ಕೈಯದು ಎಂದು. ನಿಯಮದ ವಿಷಯದಲ್ಲಿ ನನ್ನ ಗಂಡ ಮಹಾ ಕಟ್ಟುನಿಟ್ಟು. ತವರಿಗೆ ಹೋಗಲು ಅವರದೇ ಬಸ್ಸು ಹತ್ತಿದರೆ ನನ್ನ ಹತ್ತಿರವೂ ಟಿಕೀಟಿನ ದುಡ್ಡು ಇಸಿದುಕೊಳ್ಳುತ್ತಿದ್ದರು. ಚಿಲ್ಲರೆ ಇಲ್ಲ ಎಂದರೆ, ಮುಂದಿನ ಸೀಟಿನವರನ್ನು ಕೇಳಿ ಕೊಡು ಎನ್ನುತ್ತಿದ್ದರು.

ಈ ವರ್ಷ ಭಾದ್ರಪದದಲ್ಲಿ ಅವರ ಎದೆಯಲ್ಲಿ ನೀರು ತುಂಬಿಕೊಂಡಿತು. ಐವತ್ತೆರಡು ಹೋಗುವ ವಯಸ್ಸಲ್ಲ. ತಾಸು ಒಪ್ಪಿಸುವ ದಿನ ಬಿಸಿಲಲ್ಲಿ ನಿಂತು, ಎಲ್ಲರಿಗಿಂತ ಮೊದಲು ಸಹಿ ಹಾಕಿ ಬಂದ ಮನುಷ್ಯ ಕಾರ್ತಿಕದ ಹೊತ್ತಿಗೆ ಎದ್ದು ಕೂರಲಾರದಂತಾದರು. ರವಿವಾರ ತಾಸು ವಾಪಸ್ಸು ಕೊಡುವುದಿತ್ತು. ಅದಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಬೆಳಿಗ್ಗೆ, ಡಾಕ್ಟರು ಬಂದು ನಾಡಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ನಾಲ್ಕೂವರಿ ಅನ್ನತೈತಿ ಹಾಲವ್ವ."

ನಮ್ಮೂರಿನಲ್ಲಿ ಡಾಕ್ಟರು ವೇಳೆ ಹೇಳಿದರೆ ತಪ್ಪುವುದಿಲ್ಲ. ಮಲಗಿದ ಕೋಣೆಯ ಗೋಡೆಯ ಮೇಲೆ ಯಾವ ಗಡಿಯಾರವಿದೆಯೋ ಆ ಗಡಿಯಾರದ ಪ್ರಕಾರವೇ ಜೀವ ಹೋಗುತ್ತದೆ, ಒಂದು ಮಿನಿಟು ಆಚೆಯಿಲ್ಲ, ಈಚೆಯಿಲ್ಲ. ಅಳಲು ಕೂತರೆ ಕೆಲಸ ಕೆಡುತ್ತದೆಂದು ನಾನು ಮೊದಲು ಮಗಳಿಗೆ ಫೋನು ಮಾಡಿದೆ. ಕಸ್ತೂರಿ ಪರವೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಮಾಸ್ತರಿಕೆಯ ತರಬೇತಿ ಪಡೆಯುತ್ತಿದ್ದಳು. "ನಾಲ್ಕಕ್ಕ ಬಂದು ಮುಟ್ಟತೀನವ್ವಾ" ಎಂದಳು. ಅಪ್ಪನಿಗೂ ಮಗಳಿಗೂ ಅರ್ಧ ತಾಸು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಸಾಕು ಅನ್ನಿಸಿತು. ಅವರಿಗೆ ಬೇಕಿದ್ದದ್ದೂ ಅದೊಂದೇ. ಮೂರು ದಿನದಿಂದ ಕಸ್ತೂರಿ ಬಂದಳೇ ಎಂಬುದು ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

ಅಂದು ಖಾನಾವಳಿ ಮುಚ್ಚಿದ್ದೆ. ದಿನಾ ಊಟಕ್ಕೆ ಬರುವ ಪೇಟೆಯ ನಾಲ್ವರು ಹಮಾಲರು ಸುದ್ದಿ ಕೇಳಿ ಬಂದು, ಹಸಿದುಕೊಂಡೇ ಕಟ್ಟೆಯ ಮೇಲೆ ಕೂತಿದ್ದರು. ಔಷಧದ ಮಂಪರಿನಲ್ಲಿದ್ದ ಅಡಿವೆಪ್ಪನವರಿಗೆ ನಾಲ್ಕಕ್ಕೆ ಸರಿಯಾಗಿ ಎಚ್ಚರವಾಯಿತು. ಬಸ್ಸು ಬಂತೇ ಎಂದು ಕಣ್ಣಲ್ಲೇ ಕೇಳಿದರು. ಬರುತ್ತದೆ ಎಂದೆ. ನಾಲ್ಕೂ ಐದಾಯಿತು, ನಾಲ್ಕೂ ಹತ್ತಾಯಿತು. ಬೀದಿಯ ತುದಿಯಲ್ಲಿ ಒಂದು ಹಾರ್ನೂ ಕೇಳಲಿಲ್ಲ. ಆಗ ಅವರು ಎರಡೂ ಮುಂಗೈಗಳನ್ನು ಹಾಸಿಗೆಯಿಂದ ಒಂದಿಷ್ಟು ಎತ್ತಿದರು. ಅಷ್ಟು ಸಣಕಲಾಗಿದ್ದ ಕೈಗಳಲ್ಲೂ ಗಡಿಯಾರ ಬಿಚ್ಚಿರಲಿಲ್ಲ.

"ಆಕಿ ಅಂದದ್ದು ಯಾವ ಕೈಯ ನಾಲ್ಕು?"

ಕಂಡಕ್ಟರನ ಹೆಂಡತಿಯಾಗಿ ಇಪ್ಪತ್ತಾರು ವರ್ಷ ಬಾಳಿ, ನಮ್ಮ ಸಾಲಿನ ಬಳೆಗಾರರ ಮುದುಕಿ ಕೂಡ ಮರೆಯದೆ ಕೇಳುವ ಮಾತನ್ನು ನಾನು ಕೇಳಿರಲಿಲ್ಲ. ಕಸ್ತೂರಿ ಇರುವ ಊರಿನವರು ತಾಸು ಕೊಡುವವರಲ್ಲ. ಅವಳು ಹೇಳಿದ್ದು ಬಲಗೈ ನಾಲ್ಕು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

"ಬಲಗೈದಾದ್ರ ನಮ್ಮ ಐದು. ಅರ್ಧ ತಾಸು ಕಡಿಮಿ ಬೀಳತೈತಿ" ಎಂದರು ಅಡಿವೆಪ್ಪ. ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕರಿಗೆ ಹೇಳುವಂತೆ, ಬೇಸರವಿಲ್ಲದೆ ಹೇಳಿದರು. ಹೇಳಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಆ ಮುಖ ತಿರುಗಿಸಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಕಡಿಮೆ ಬಿದ್ದದ್ದು ಅರ್ಧ ತಾಸು. ಇವರದೇ ಸ್ವಂತದ ಒಂದು ಇಡೀ ತಾಸು ನಾಲ್ಕು ಮನೆಯಾಚೆ ಸರ್ಕಾರದ ಹತ್ತಿರ ಬಿದ್ದಿತ್ತು. ನಾನು ಚಪ್ಪಲಿ ಕೂಡ ಮೆಟ್ಟದೆ ವೇಳೆ ಕಚೇರಿಗೆ ಓಡಿದೆ. ಅಲ್ಲಿಯ ಇನಾಮದಾರ ಸಾಹೇಬರು ಬಸಿಯಲ್ಲಿ ಚಹಾ ಸುರಿದುಕೊಂಡು ಆರಿಸುತ್ತ ಕೂತಿದ್ದರು.

"ಸಾಹೇಬ್ರ, ನಮ್ಮ ಮನಿಯವರ ತಾಸು ನಿಮ್ಮ ಹಂತೇಕ ಐತಲ್ರಿ. ಅದನ್ನ ಈಗ ಕೊಡ್ರಿ."

"ರವಿವಾರ ಎಲ್ಲಾರಿಗೂ ಕೊಡತೀವಲ್ಲ ಹಾಲವ್ವ. ಎರಡ ದಿನ ತಡಕೋ."

"ಅವರಿಗೆ ಎರಡ ದಿನ ಇಲ್ರಿ. ಹದಿನೇಳ ಮಿನಿಟ ಐತಿ. ಮಗಳು ಬರಾಕ ಹತ್ಯಾಳ."

ಸಾಹೇಬರು ಬಸಿ ಕೆಳಗಿಟ್ಟರು. ಕಲ್ಲುಹೃದಯದ ಮನುಷ್ಯ ಎಂದು ನಾನು ಹೇಳುವುದಿಲ್ಲ, ಅವರ ಮುಖದಲ್ಲಿ ಒಂದಿಷ್ಟು ಕನಿಕರ ಬಂದದ್ದನ್ನು ನಾನೇ ಕಂಡೆ. ಆದರೆ ಆ ಕನಿಕರ ಕೈಯವರೆಗೆ ಇಳಿಯಲಿಲ್ಲ. ಕೈ ಹೋದದ್ದು ಸೊಂಟದ ಬೀಗದಕೈ ಗೊಂಚಲಿನ ಕಡೆಗೆ, ತೆಗೆಯಲಿಕ್ಕಲ್ಲ, ಭದ್ರವಾಗಿದೆಯೇ ಎಂದು ಮುಟ್ಟಿ ನೋಡಲಿಕ್ಕೆ.

"ಒಬ್ಬರಿಗೆ ಮುಂಚೆ ಕೊಟ್ರ ನಾಳೆ ಎಲ್ಲಾರೂ ಬಂದು ನಿಲ್ಲತಾರ."

"ಎಲ್ಲಾರೂ ಇವತ್ತ ಸಾಯಂಗಿಲ್ಲಲ್ರಿ."

"ಹಂಗಲ್ಲ. ನಿಯಮ ಅನ್ನೋದು ಒಂದ ಇರತೈತಿ. ನೀ ಒಂದು ಅರ್ಜಿ ಬರದ ಕೊಡು. ಮ್ಯಾಲ ಕಳಸ್ತೀನಿ. ಎಂಟ ದಿನದಾಗ ಉತ್ತರ ಬರತೈತಿ."

"ನೀವು ತಗೊಳ್ಳೋ ಮುಂದ ನಾವು ಅರ್ಜಿ ಕೇಳಿದ್ವೇನ್ರಿ ನಿಮಗ?"

ಉತ್ತರವಿಲ್ಲದಾಗ ಅಧಿಕಾರಿಗಳು ಮಾಡುವುದನ್ನೇ ಅವರೂ ಮಾಡಿದರು, ಕಾಗದವೊಂದನ್ನು ನನ್ನ ಕಡೆ ಸರಿಸಿದರು. ಅದರ ಮೇಲೆ ಚಹಾದ ಬಸಿಯ ಗುರುತು ಬಿದ್ದಿತ್ತು. ನಾನು ಅದನ್ನು ಮುಟ್ಟಲಿಲ್ಲ. ಬಾಗಿಲು ದಾಟುವಾಗ ನನಗೆ ಬಂದಿದ್ದು ಅಳುವಲ್ಲ, ಉರಿ. ಏಳು ತಿಂಗಳು ಇಟ್ಟುಕೊಂಡವರು, ಬಡ್ಡಿ ಬೇಡ, ಇಟ್ಟದ್ದನ್ನೇ ಕೊಡಿ ಎಂದರೆ ಎಂಟು ದಿನ ಬೇಕೆನ್ನುತ್ತಾರೆ.

ಬೀದಿಗೆ ಇಳಿದಾಗ, ನಾನು ಕಚೇರಿಗೆ ಓಡಿದ್ದನ್ನು ಕಂಡಿದ್ದ ದಾವಲಸಾಬ ಆಚೆ ಬದಿಯಿಂದ ಕೂಗಿ ಕೇಳಿದ. ಅವನದು ಗಾದಿ ಅಂಗಡಿ, ನಮ್ಮ ಮನೆಗೆ ಸರಿ ಎದುರಿಗೆ. ತಲೆ, ಹುಬ್ಬು, ಮೀಸೆಯ ಮೇಲೆಲ್ಲ ಹತ್ತಿ ಕೂತಿತ್ತು.

"ಏನಾತ ಯಕ್ಕಾ? ಕೊಟ್ರ?"

"ಅರ್ಜಿ ಬರದ ಕೊಡಬೇಕಂತ. ಎಂಟ ದಿನಕ್ಕ ಹೇಳತಾರಂತ."

ದಾವಲಸಾಬ ಹತ್ತಿ ಹಿಂಜುವ ಬಿಲ್ಲನ್ನು ಕೆಳಗಿಟ್ಟ. "ಅವ್ರು ಕೊಡದಿದ್ರ ಬಿಡು. ಅವನ ತಾಸು ಇಲ್ಲಿ ನಮ್ಮ ಕಡೆ ಬಿದ್ದೈತಿ. ನಮಗೀಗ ಮೂರೂ ಹದಿನೆಂಟು. ಇಲ್ಲಿ ಕರಕೊಂಡು ಬಾ. ನನ್ನ ಗೋಡೀ ಮ್ಯಾಲೂ ಗಡಿಯಾರ ಐತಿ."

ನಾನು ಬೀದಿಯ ನಡುವೆ ಒಂದು ಕ್ಷಣ ನಿಂತುಬಿಟ್ಟೆ. ಹೌದಲ್ಲ. ಅವನ ಅಂಗಡಿಯಲ್ಲಿ ನಾಲ್ಕೂವರೆ ಆಗುವ ಹೊತ್ತಿಗೆ ನಮಗೆ ಐದೂವರೆ. ಇಷ್ಟು ವರ್ಷದಲ್ಲಿ ಸಾಯುವವರನ್ನು ಹೊತ್ತು ಬೀದಿ ದಾಟಿಸುವ ಬುದ್ಧಿ ನಮ್ಮ ಸಾಲಿನ ಯಾರಿಗೂ ಬಂದಿರಲಿಲ್ಲ. ಬೋರ್ಡಿಗೆ ನಾವು ಅಷ್ಟು ಹೆದರಿ ಬಾಳಿದ್ದೆವು.

ಒಳಗೆ ಹೋಗಿ ಹೇಳಿದರೆ ಅಡಿವೆಪ್ಪ ತಲೆ ಅಲ್ಲಾಡಿಸಿದರು. "ಬೋರ್ಡು ಓದೀಯಲ್ಲ ಹಾಲೀ. ವೇಳೇಕ್ಕಂತ ದಾಟೂದು ತಪ್ಪು."

"ನನ್ನ ಕಡಿಂದಾನೂ ಟಿಕೀಟಿನ ರೊಕ್ಕ ಇಸಗೊಂಡ ಮನಶಾ ನೀವು. ನನಗೆಲ್ಲಾ ಗೊತ್ತೈತಿ. ಇವತ್ತ ಒಂದ ದಿನ ನನ್ನ ಮಾತ ಕೇಳ್ರಿ" ಎಂದೆ. ದನಿ ಏರಿತ್ತು. ಸಾಯುವ ಗಂಡನ ಮೇಲೆ ಏರುದನಿ ಮಾಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ. ಮಗಳ ಮುಖ ನೋಡಬೇಕೋ ಬೇಡವೋ ಎಂದು ಕೇಳಿದೆ.

ಅವರು ಕಣ್ಣು ಮುಚ್ಚಿ ಬಹಳ ಯೋಚಿಸಿದರು. ನಾಲ್ಕೂ ಇಪ್ಪತ್ತಾಯಿತು. ಆಮೇಲೆ ಮೆಲ್ಲಗೆ ಹೇಳಿದರು, "ಕೆಲಸಕ್ಕಂತ ದಾಟಬಹುದು. ಗಾದಿ ಅಳತಿ ಕೊಡಾಕ ಹೊಂಟೀವಿ ಅನ್ನು."

ಹಮಾಲರು ಮಂಚವನ್ನೇ ಎತ್ತಿ ಹೆಗಲಿಗಿಟ್ಟುಕೊಂಡರು. ಕ್ವಿಂಟಾಲುಗಟ್ಟಲೆ ಹೊರುವವರಿಗೆ ನನ್ನ ಗಂಡ ಯಾವ ಭಾರ. ಬೀದಿಗೆ ಇಳಿಯುವಷ್ಟರಲ್ಲಿ ಇನಾಮದಾರ ಸಾಹೇಬರು ಕಚೇರಿಯಿಂದ ಓಡಿ ಬಂದು, ಬೀದಿಯ ನಡುವಿನ ಬಿಳಿ ಗೆರೆಯ ಮೇಲೆ ಎರಡೂ ಕೈ ಚಾಚಿ ನಿಂತರು. ಉತ್ತರಕ್ಕೆ ಎಂಟು ದಿನ ಕೇಳುವ ಆಸಾಮಿ ಅಷ್ಟು ಜೋರಾಗಿ ಓಡಬಲ್ಲರು ಎಂದು ನನಗೆ ಅಂದೇ ತಿಳಿದದ್ದು. ಎರಡೂ ಸಾಲಿನ ಜನ ಬಾಗಿಲಿಗೆ ಬಂದರು.

"ಯಾಕ ದಾಟಾಕ ಹತ್ತೀರಿ?"

"ಗಾದಿ ಅಳತಿ ಕೊಡಾಕ್ರಿ."

"ಸಾಯೋ ಮನಶಾಗ ಗಾದಿ ಯಾಕಬೇಕು?"

ಮಂಚ ಹೊತ್ತವರಲ್ಲಿ ಹಿರಿಯನಾದ ಹಮಾಲ ಹಲ್ಲು ಕಡಿದದ್ದು ನನಗೆ ಕೇಳಿಸಿತು. ಮಂಚದ ಮೇಲಿದ್ದವರಿಗೆ ಕಿವಿ ಚೆನ್ನಾಗಿಯೇ ಇತ್ತು. ಉತ್ತರ ಕೊಟ್ಟವನು ಆಚೆ ಕಟ್ಟೆಯ ಮೇಲೆ ನಿಂತಿದ್ದ ದಾವಲಸಾಬ.

"ಸಾಯೋ ಮನಶಾಗ ಮೆತ್ತಗಿರಬೇಕಲ್ರಿ ಸಾಹೇಬ್ರ."

ಸಾಹೇಬರ ಕೈ ತಾನಾಗಿ ಕೆಳಗಿಳಿಯಿತು. ಅವರು ದಾರಿ ಬಿಡಲಿಲ್ಲ, ಆದರೆ ತಡೆಯಲೂ ಇಲ್ಲ. ಹಮಾಲರು ಅವರನ್ನು ಬಳಸಿಕೊಂಡು ಗೆರೆ ದಾಟಿದರು. ದಾವಲಸಾಬನ ಗೋಡೆಯ ಗಡಿಯಾರ ಮೂರೂ ಇಪ್ಪತ್ತನಾಲ್ಕು ತೋರಿಸುತ್ತಿತ್ತು. ಹೊಸ ಹತ್ತಿ ತುಂಬಿದ ಎರಡು ಗಾದಿ ಒಂದರ ಮೇಲೊಂದು ಹಾಸಿ ಮಲಗಿಸಿದೆವು. ಸ್ವಲ್ಪ ಹೊತ್ತಿನಲ್ಲೇ ಉಸಿರು ಹಗುರಾಯಿತು. ಅವರು ಎಡಗೈಯ ಗಡಿಯಾರ ಬಿಚ್ಚಿಸಿ ನನ್ನ ಕೈಗೆ ಕೊಟ್ಟು, "ಇನ್ನ ಇದರ ಕೆಲಸಿಲ್ಲ" ಎಂದರು.

ಬಲಗೈ ನಾಲ್ಕಕ್ಕೆ ಬಸ್ಸು ಬಂತು. ಹಮಾಲನೊಬ್ಬ ಬೀದಿಯ ತುದಿಯಲ್ಲಿ ಕಾದಿದ್ದು ಕಸ್ತೂರಿಯನ್ನು ನೇರವಾಗಿ ಗಾದಿ ಅಂಗಡಿಗೆ ಕರೆತಂದ. ಯಾವ ಕೈ ಎಂದು ತಾನು ಹೇಳಬೇಕಿತ್ತು ಎಂದು ಅವಳು ಅಳಲು ಶುರು ಮಾಡುವುದರೊಳಗೆ ಅವಳಪ್ಪ, "ಟಿಕೀಟು ತಗೊಂಡೀಯೇನ? ತೋರಸು" ಎಂದರು. ಅವಳು ಕಣ್ಣೊರೆಸಿಕೊಂಡು ಚೀಲದಿಂದ ತೆಗೆದು ತೋರಿಸಿದಳು. ಅದನ್ನು ಬೆಳಕಿಗೆ ಹಿಡಿಸಿ ನೋಡಿ, ತೂತು ತಪ್ಪು ಜಾಗದಲ್ಲಿ ಬಿದ್ದಿದೆ ಎಂದು ಆ ಬಸ್ಸಿನ ಕಂಡಕ್ಟರನನ್ನು ಬೈದರು. ಅರ್ಧ ತಾಸಿನಲ್ಲಿ ಹತ್ತು ಮಿನಿಟು ಆ ತೂತಿಗೇ ಹೋಯಿತು. ನನಗೆ ಅದರ ಬಗ್ಗೆ ದೂರಿಲ್ಲ. ಅದು ಅವರ ತಾಸು, ಅವರಿಗೆ ಬೇಕಾದ ಹಾಗೆ ಕಳೆಯಲಿ.

ಆಮೇಲೆ, "ಸಾಲ್ಯಾಗ ಪಾಠ ಹ್ಯಾಂಗ ಮಾಡತಿ, ಮಾಡಿ ತೋರಸು" ಎಂದರು. ಕಸ್ತೂರಿ ನನ್ನ ಮುಖ ನೋಡಿದಳು. ಮಾಡು ಎಂದೆ. ಅವಳು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿಭಕ್ತಿ ಪ್ರತ್ಯಯ ಶುರು ಮಾಡಿದಳು. ರಾಮ ಬೇಡ, ಬಸ್ಸು ಇಟ್ಟುಕೋ ಎಂದರು ಅಪ್ಪ. ಬಸ್ಸು, ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ ಎಂದು ಅವಳು ಹೇಳಿದ ಹಾಗೆ ದಾವಲಸಾಬನೂ ನಾಲ್ವರು ಹಮಾಲರೂ ಹಿಂದಿನಿಂದ ಹೇಳಿದರು. ಬಸ್ಸಿನ ದೆಸೆಯಿಂದ ಎನ್ನುವಾಗ ಅಡಿವೆಪ್ಪನವರಿಗೆ ನಗು ಬಂತು. ಇನ್ನೊಮ್ಮೆ ಹೇಳಿಸಿದರು. ಮೂರನೆಯ ಸಲ ಅವರೂ ತುಟಿ ಅಲ್ಲಾಡಿಸುತ್ತಿದ್ದರು. ಅವಳ ಕೈ ಅವರ ಕೈಯಲ್ಲಿತ್ತು. ದಾವಲಸಾಬನ ಗಡಿಯಾರದಲ್ಲಿ ನಾಲ್ಕೂವರೆಯಾಯಿತು.

ಮಣ್ಣು ಮಾಡಿದ್ದು ಶನಿವಾರ. ರವಿವಾರ ಹನ್ನೆರಡೂವರೆಗೆ ನಮ್ಮ ಸಾಲಿನವರೆಲ್ಲ ವೇಳೆ ಕಚೇರಿಯ ಮುಂದೆ ಸಾಲಾಗಿ ನಿಂತರು. ಎಲ್ಲ ಮನೆಯವರೂ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ಒಂದಕ್ಕೆ ಮುಳ್ಳು ಹಿಂದಕ್ಕೆ ತಿರುಗುತ್ತದೆ, ಒಂದು ಮನೆ ಉಳಿದರೂ ತಿರುಗುವುದಿಲ್ಲ. ನಾನೂ ಹೋದೆ. ಸಾಹೇಬರು ನನ್ನ ಕಣ್ಣು ತಪ್ಪಿಸಿ ನಮ್ಮ ಮನೆಯ ಪುಟ ತೆಗೆದು, ಬೆರಳಿಟ್ಟು ತೋರಿಸಿದರು. ನನ್ನ ಹೆಸರಿನ ಮುಂದೆ ಖಾಲಿ ಇತ್ತು. ಅಡಿವೆಪ್ಪನವರ ಹೆಸರಿನ ಮುಂದೆ ದುಂಡು ಅಕ್ಷರದಲ್ಲಿ ಬರೆದಿತ್ತು, 'ಶುಕ್ರವಾರ ಪಡೆದಿದ್ದಾರೆ.'

ನಾನು ಎರಡು ಸಲ ಓದಿದೆ. ಓದಲು ಕಲಿತದ್ದಕ್ಕೆ ಮೊದಲ ಸಲ ಸಂಕಟವಾಯಿತು.

"ಇದನ್ನ ಯಾರ ಕೊಟ್ರು ಅಂತ ಬರದೀರಿ?"

"ಅವ್ರು ಆ ಕಡೆ ಹೋಗಿ ಒಂದ ತಾಸು ಹೆಚ್ಚಿಗಿ ಇದ್ರಲ್ಲ ಹಾಲವ್ವ. ಇಡೀ ಬೀದಿ ನೋಡೇತಿ. ಅಲ್ಲಿಗೆ ಅವರದು ಮುಟ್ಟಿದಂಗಾತು. ಗೆರಿ ದಾಟಿದ್ದಕ್ಕ ಕೇಸ್ ಮಾಡಬಹುದಿತ್ತು, ನಾ ಮಾಡಲಿಲ್ಲ. ನೀ ಸಹಿ ಹಾಕು, ಮುಗೀತು."

ಮುಗಿಯಿತಂತೆ. ಬಾಗಿಲಿಗೆ ಹೋಗಿ ಕೇಳಿದರೆ ಬಸಿಯ ಗುರುತಿನ ಕಾಗದ ಸರಿಸಿದವರು, ಬೀದಿಯಲ್ಲಿ ಕೈ ಚಾಚಿ ಅಡ್ಡ ನಿಂತವರು, ಈಗ ದುಂಡು ಅಕ್ಷರದಲ್ಲಿ ಕೊಟ್ಟವರಾಗಿ ಕೂತಿದ್ದರು. ಕೊಡದೆ ಇದ್ದದ್ದನ್ನಾದರೂ ನಾನು ಒಂದು ದಿನ ಮರೆಯುತ್ತಿದ್ದೆನೇನೋ. ಕೊಟ್ಟೆವು ಎನ್ನುವ ಸುಳ್ಳಿಗೆ ನನ್ನ ಕೈಯಿಂದಲೇ ಸಹಿ ಹಾಕಿಸಲು ಬಂದದ್ದನ್ನು ಮರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

"ಕೊಟ್ಟಾಂವ ದಾವಲಸಾಬ. ಹೊತ್ತವರು ಹಮಾಲರು. ನಿಮ್ಮ ಹೆಸರು ಎಲ್ಲಿಂದ ಬಂತ್ರಿ ಇದರಾಗ?"

"ಒಂದ ಆಗಾಕ ಬಂತು. ಹಿಂದ ಐವತ್ತು ಮನಿ ಅವರು ನಿಂತಾರ. ನಿನ್ನ ಸಲುವಾಗಿ ಅವರ ತಾಸೂ ನಿಲ್ಲಬೇಕೇನು?"

ನಾನು ಹಿಂದೆ ತಿರುಗಿ ನೋಡಿದೆ. ಕೈಯಲ್ಲಿ ಕೂಸು ಹಿಡಿದವರಿದ್ದರು, ಒಲೆಯ ಮೇಲೆ ಸಾರು ಬಿಟ್ಟು ಬಂದವರಿದ್ದರು. ಏಳು ತಿಂಗಳಿಂದ ಕಾದವರು, ಅವರಿಗೆ ಅವರ ತಾಸು ಬೇಕು. ಸಹಿ ಹಾಕು ಎಂದರೆ ನಾನು ತಪ್ಪು ತಿಳಿಯುತ್ತಿರಲಿಲ್ಲ. ನನ್ನ ಹಿಂದೆಯೇ ನಿಂತಿದ್ದ ಬಳೆಗಾರರ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಬಂದಳು.

"ಖರೇ ಏನೈತೋ ಅದನ್ನ ಬರಿಯವಾ. ನಾವು ನಿಂತಿರ್ತೀವಿ."

ಯಾರೂ ಗೊಣಗಲಿಲ್ಲ. ನಾನು ಸಾಹೇಬರ ಲೇಖನಿ ತೆಗೆದುಕೊಂಡೆ. 'ಶುಕ್ರವಾರ ಪಡೆದಿದ್ದಾರೆ' ಎಂಬುದರ ಮೇಲೆ ಅಡ್ಡ ಗೆರೆ ಎಳೆದೆ. ಪಕ್ಕದಲ್ಲಿ, ನನ್ನ ಕೈ ಎಷ್ಟು ದೊಡ್ಡದಾಗಿ ಬರೆಯಬಲ್ಲುದೋ ಅಷ್ಟು ದೊಡ್ಡದಾಗಿ, 'ಹೆಂಡತಿ ಬಂದು ಕೇಳಿದಳು, ಕೊಡಲಿಲ್ಲ' ಎಂದು ಬರೆದು ಅದರ ಕೆಳಗೆ ಸಹಿ ಮಾಡಿದೆ.

"ಹಿಂಗ ಬರದ್ರ ಮ್ಯಾಲಿನವರು ನನ್ನ ಕೇಳತಾರ ಹಾಲವ್ವ."

"ಕೇಳಲಿ ಅಂತನ ಬರದೀನ್ರಿ."